ಕತ್ತಲೆ ಗೋದಾಮಿನ ಲೆಕ್ಕ: ಉತ್ತರ 4 ಅಲ್ವಾ? 16 ಹೇಗೆ ಬಂತು?

ಸಕಲೇಶಪುರದ ಅಪ್ಪ:
ಮಗಳ ಲೆಕ್ಕ ಒಂದು ಎರಡು ದಿನದಿಂದ ತಲೆ ತಿನ್ನುತ್ತಿದೆ. ಕತ್ತಲೆ ಗೋದಾಮಿನಲ್ಲಿ 10 ಚೀಲ ಅರೇಬಿಕಾ, 8 ಚೀಲ ರೊಬಸ್ಟಾ, 6 ಚೀಲ ಕಾಳುಮೆಣಸು ಇವೆ. ನೋಡದೆ ಒಂದೊಂದೇ ಹೊರಗೆ ತರಬೇಕು. ಒಂದೇ ಬಗೆಯ ಎರಡು ಚೀಲ ಖಂಡಿತ ಸಿಗಲು ಎಷ್ಟು ತರಬೇಕು? ಎರಡು ಅರೇಬಿಕಾನೇ ಖಂಡಿತ ಸಿಗಲು ಎಷ್ಟು?

ಎರಡಕ್ಕೂ 4 ಅಂದೆ. ಮೊದಲನೆಯದು ಸರಿ. ಎರಡನೆಯದಕ್ಕೆ ಪುಸ್ತಕದ ಹಿಂದೆ 16 ಅಂತ ಇದೆ. ಅಚ್ಚಿನ ತಪ್ಪು ಅಂತ ಪೆನ್ನಲ್ಲಿ ಹೊಡೆದುಹಾಕಿದೆ. ಆಮೇಲೆ ಮೂರು ಬಣ್ಣದ 24 ಅಂಗಿ ಗುಂಡಿ ಡಬ್ಬಕ್ಕೆ ಹಾಕಿ, ಕಣ್ಣು ಮುಚ್ಚಿ ಹತ್ತು ಸಲ ತೆಗೆದು ನೋಡಿದೆವು. ಒಂದು ಸಲವೂ ಎಂಟು ದಾಟಲಿಲ್ಲ!

ಹಾಸನದ ಮೇಷ್ಟ್ರು:
ಗುಂಡಿ ಹೇಳಿದ್ದು ‘ಸಾಮಾನ್ಯವಾಗಿ’ ಎಷ್ಟು ಅಂತ. ಲೆಕ್ಕ ಕೇಳಿದ್ದು ‘ಖಂಡಿತ’. ನಿಮ್ಮ ಗ್ರಹಚಾರ ಪೂರ್ತಿ ಕೆಟ್ಟಿದೆ ಅಂದುಕೊಳ್ಳಿ. 8 ರೊಬಸ್ಟಾ, 6 ಮೆಣಸು ಎಲ್ಲ ಮೊದಲೇ ಬಂದುಬಿಟ್ಟವು. ಅಲ್ಲಿಗೆ 14. ಹದಿನೈದನೆಯದು ಅರೇಬಿಕಾ, ಆದರೆ ಒಂದೇ. ಹದಿನಾರಕ್ಕೆ ಜೋಡಿ ಆಯಿತು.

ಮೊದಲ ಪ್ರಶ್ನೆಯಲ್ಲಿ ಇರುವುದೇ ಮೂರು ಬಗೆ. ಮೂರೂ ಬೇರೆ ಬೇರೆ ಬಂದರೂ ನಾಲ್ಕನೆಯದು ಯಾವುದಾದರೂ ಒಂದಕ್ಕೆ ಜೋಡಿ ಆಗಲೇಬೇಕು. ಇದನ್ನೇ ಪಾರಿವಾಳದ ಗೂಡಿನ ತತ್ವ ಅನ್ನುವುದು. ಡಿರಿಕ್ಲೆ ಅನ್ನುವ ಜರ್ಮನ್ ಗಣಿತಜ್ಞ 1842ರಲ್ಲಿ ಇಷ್ಟೇ ಉಪಾಯ ಹಿಡಿದು ದೊಡ್ಡ ಪ್ರಮೇಯ ಸಾಧಿಸಿದ. ನಮಗೆ ಸದ್ಯಕ್ಕೆ ಚೀಲ ಸಾಕು.

ಮೂಡಿಗೆರೆ ತೋಟದವ:
ಸುಮ್ನೆ ಹೇಳ್ತೀನಿ, ಮೆಣಸಿನ ಚೀಲಕ್ಕೆ ದೀಪ ಬೇಡ ಸಾರ್. ಎತ್ತಿದ ಕೂಡಲೇ ಸೀನು ಬರುತ್ತೆ.

ಹಾಸನದ ಮೇಷ್ಟ್ರು:
ಹಾಗಾದರೆ ನಿಮಗೆ 10 ಚೀಲವೇ ಸಾಕು, ಮೆಣಸು ಮುಟ್ಟುವುದೇ ಬೇಡ!

ಸಕಲೇಶಪುರದ ಅಪ್ಪನವರೇ, ಮಗಳಿಗೆ ಇನ್ನೊಂದು ಕೊಡಿ. ಹಾಸನ ಜಿಲ್ಲೆಯಲ್ಲಿ 8 ತಾಲ್ಲೂಕು. ಜಿಲ್ಲೆಯವರೇ ಸೇರಿದ ಸಭೆಯಲ್ಲಿ ಒಂದೇ ತಾಲ್ಲೂಕಿನ ಮೂವರು ಖಂಡಿತ ಇರಬೇಕಾದರೆ ಕನಿಷ್ಠ ಎಷ್ಟು ಜನ ಬೇಕು?

ಸಕಲೇಶಪುರದ ಅಪ್ಪ:
ಎಂಟು ಮೂರಲ 24, ಮೇಲೊಂದು, 25 ಅಂದೆ. ಮಗಳು 17 ಅಂತಾಳೆ.

ಹಾಸನದ ಮೇಷ್ಟ್ರು:
ಮಗಳದ್ದೇ ಸರಿ. 16 ಜನ ಬಂದರೆ ಆಲೂರಿನಿಂದ ಇಬ್ಬರು, ಬೇಲೂರಿನಿಂದ ಇಬ್ಬರು, ಹೀಗೆ ಎಂಟೂ ಕಡೆಯಿಂದ ಇಬ್ಬಿಬ್ಬರೇ ಇರಬಹುದು. ಹದಿನೇಳನೆಯವರು ಎಲ್ಲಿಂದ ಬಂದರೂ ಅಲ್ಲಿಗೆ ಮೂವರು. ನಿಮ್ಮ 25 ಜಾಸ್ತಿ ಆಯ್ತು, ಅಷ್ಟು ಜನ ಇದ್ದರೆ ಒಂದೇ ತಾಲ್ಲೂಕಿನ ನಾಲ್ವರು ಇದ್ದೇ ಇರುತ್ತಾರೆ.

ಸಕಲೇಶಪುರದ ಅಪ್ಪ:
ಗೊತ್ತಾಯ್ತು ಮೇಷ್ಟ್ರೇ. ಹೊಡೆದುಹಾಕಿದ್ದ 16ನ್ನು ಪಕ್ಕದಲ್ಲೇ ಮತ್ತೆ ಬರೆದಿದ್ದೇನೆ. ಮಗಳು ಅದರ ಮುಂದೆ ರೈಟ್ ಹಾಕಿ, ಕೆಳಗೆ ಸಹಿಯನ್ನೂ ಮಾಡಿದ್ದಾಳೆ.