ಕೋವಿಡ್ ಸಾಂಕ್ರಾಮಿಕದ ನಡುವೆ ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ: ಈ ವರ್ಷವೇ ಹಾಕಬೇಕೇ, ಒಂದು ವರ್ಷ ಕಾಯಬೇಕೇ?

ಪ್ರಶ್ನೆ (ನವೆಂಬರ್ 2020)

ನಾನು ಪದವಿಯ ಅಂತಿಮ ವರ್ಷದ ವಿದ್ಯಾರ್ಥಿನಿ. 2021ರ ಫಾಲ್ ಸೆಮಿಸ್ಟರಿಗೆ (ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗುವ ಅವಧಿಗೆ) ಅಮೆರಿಕ, ಬ್ರಿಟನ್ ಮತ್ತು ಕೆನಡಾದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬೇಕೆಂದು ಬಹಳ ದಿನಗಳಿಂದ ಸಿದ್ಧತೆ ಮಾಡಿಕೊಂಡಿದ್ದೆ. ಆದರೆ ಪರೀಕ್ಷಾ ಕೇಂದ್ರ ಮುಚ್ಚಿದ್ದರಿಂದ ಕಾಯ್ದಿರಿಸಿದ್ದ ಜಿಆರ್‌ಇ (ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ ಸಾಮರ್ಥ್ಯ ಪರೀಕ್ಷೆ) ರದ್ದಾಯಿತು. ಹಿಂದಿನ ಸೆಮಿಸ್ಟರಿನ ಪರೀಕ್ಷೆಗಳು ನಡೆಯದೆ ಅಂಕಪಟ್ಟಿಯಲ್ಲಿ ಅಂಕಗಳ ಬದಲು ಬರೀ ‘ಉತ್ತೀರ್ಣ’ ಎಂದು ಬಂದಿದೆ. ಶಿಫಾರಸು ಪತ್ರ ಕೊಡಬೇಕಾದ ಪ್ರಾಧ್ಯಾಪಕರನ್ನು ಮಾರ್ಚ್ ತಿಂಗಳಿನಿಂದ ಪರದೆಯ ಮೇಲಷ್ಟೇ ನೋಡಿದ್ದೇನೆ. ಎಲ್ಲ ತಿಳಿಯಾಗುವವರೆಗೆ ಒಂದು ವರ್ಷ ಸುಮ್ಮನಿರುವುದೇ ಜಾಣತನ ಎಂದು ಮನೆಯವರು ಹೇಳುತ್ತಿದ್ದಾರೆ. ಈ ಸ್ಥಿತಿಯಲ್ಲಿ ಅರ್ಜಿ ಹಾಕಿದರೆ ನನ್ನ ಅರ್ಜಿಯನ್ನು ದುರ್ಬಲವೆಂದು ಪರಿಗಣಿಸುತ್ತಾರೆಯೇ? ಪ್ರವೇಶ ಸಿಕ್ಕಿಯೂ ಹೋಗಲಾಗದಿದ್ದರೆ ಕಟ್ಟಿದ ಹಣದ ಗತಿಯೇನು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಅಮೆರಿಕದಲ್ಲಿ ಎರಡನೇ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ)

ನಿಮ್ಮ ಪ್ರಶ್ನೆಯಲ್ಲಿ ಎರಡು ನಿರ್ಧಾರಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅವನ್ನು ಮೊದಲು ಬಿಡಿಸಿಕೊಳ್ಳಿ. ಅರ್ಜಿ ಹಾಕುವ ನಿರ್ಧಾರವನ್ನು ಈಗಲೇ ಮಾಡಬೇಕು, ಏಕೆಂದರೆ ಇಲ್ಲಿನ ಬಹಳಷ್ಟು ವಿಭಾಗಗಳ ಕೊನೆಯ ದಿನಾಂಕಗಳು ಡಿಸೆಂಬರ್ ಮತ್ತು ಜನವರಿಯಲ್ಲಿ ಬರುತ್ತವೆ. ಹೊರಡುವ ನಿರ್ಧಾರವನ್ನು ಮುಂದಿನ ಏಪ್ರಿಲ್ ಹೊತ್ತಿಗೆ ಮಾಡಿದರೆ ಸಾಕು. ಆಗ ಗಡಿಗಳು, ವಿಮಾನಗಳು, ಲಸಿಕೆ ಇವೆಲ್ಲ ಯಾವ ಹಂತದಲ್ಲಿರುತ್ತವೆ ಎಂಬುದನ್ನು ಈಗ ಊಹಿಸಿ ಅರ್ಜಿಯನ್ನೇ ಕೈಬಿಟ್ಟರೆ ಕಳೆದುಕೊಳ್ಳುವುದು ಒಂದು ಪೂರ್ತಿ ವರ್ಷ. ಅರ್ಜಿ ಹಾಕಿ ಹೋಗದಿದ್ದರೆ ಕಳೆದುಕೊಳ್ಳುವುದು ಅರ್ಜಿ ಶುಲ್ಕ ಮಾತ್ರ.

ನಿಯಮಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದಕ್ಕೆ ಈ ವರ್ಷದ ಜುಲೈ ತಿಂಗಳೇ ಸಾಕ್ಷಿ. ಪೂರ್ತಿ ಆನ್‌ಲೈನ್‌ನಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳು ಅಮೆರಿಕದಲ್ಲಿ ಉಳಿಯುವಂತಿಲ್ಲ ಎಂಬ ಆದೇಶ ಜುಲೈ 6ರಂದು ಹೊರಬಿತ್ತು, ಹಾರ್ವರ್ಡ್ ಮತ್ತು ಎಂಐಟಿ ಎರಡೇ ದಿನಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು, ಜುಲೈ 14ರಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆದರೆ ಅದೇ ತಿಂಗಳ 24ರಂದು ಬಂದ ಸ್ಪಷ್ಟೀಕರಣವು ಹೊಸದಾಗಿ ಸೇರುವವರಿಗೆ ಪೂರ್ತಿ ಆನ್‌ಲೈನ್ ಕೋರ್ಸಿಗಾಗಿ ದೇಶದೊಳಗೆ ಬರಲು ಅವಕಾಶ ಕೊಡಲಿಲ್ಲ. ಹೀಗಾಗಿ ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದು ವಿಭಾಗವೂ ತರಗತಿಗಳನ್ನು ಹೇಗೆ ನಡೆಸಲಿದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಿ.

‘ಉತ್ತೀರ್ಣ’ ಎಂಬ ಫಲಿತಾಂಶಕ್ಕೆ ಚಿಂತಿಸಬೇಡಿ. ಅಂಥ ಅಂಕಪಟ್ಟಿಗಳು ಈ ವರ್ಷ ಎಲ್ಲ ದೇಶಗಳಿಂದಲೂ ಬರುತ್ತಿವೆ, ಇಲ್ಲಿನ ವಿಶ್ವವಿದ್ಯಾಲಯಗಳೇ ತಮ್ಮ ವಿದ್ಯಾರ್ಥಿಗಳಿಗೆ ಅದನ್ನೇ ಕೊಟ್ಟಿವೆ. ಅದನ್ನು ಸಮರ್ಥಿಸಲು, ಏಕೆ ಓದಬಯಸುತ್ತೇವೆ ಎಂದು ವಿವರಿಸುವ ಉದ್ದೇಶ ಪತ್ರದಲ್ಲಿ ಪುಟಗಟ್ಟಲೆ ಬರೆಯುವವರನ್ನು ಕಂಡಿದ್ದೇನೆ. ಓದುವವರಿಗೆ ಬೇಸರ ತರಿಸುವುದು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ಆ ಸೆಮಿಸ್ಟರಿನಲ್ಲಿ ಪರೀಕ್ಷೆ ನಡೆಯಲಿಲ್ಲ, ಕಾಲೇಜು ಎಲ್ಲರಿಗೂ ಹೀಗೆಯೇ ಫಲಿತಾಂಶ ನೀಡಿತು ಎಂಬ ಎರಡು ವಾಕ್ಯ ಸಾಕು. ಆ ಅವಧಿಯಲ್ಲಿ ನೀವು ಮಾಡಿದ ಕೆಲಸದ ಗುಣಮಟ್ಟವನ್ನು ಪ್ರಾಧ್ಯಾಪಕರು ಶಿಫಾರಸು ಪತ್ರದಲ್ಲಿ ಹೇಳಿದರೆ ಅದಕ್ಕೆ ಹೆಚ್ಚು ತೂಕ. ಅವರಿಗೆ ನಿಮ್ಮ ಪ್ರಾಜೆಕ್ಟ್ ವರದಿಯನ್ನೂ, ತರಗತಿಯಲ್ಲಿ ನೀವು ಮಂಡಿಸಿದ ವಿಷಯಗಳ ಒಂದು ಪುಟದ ಟಿಪ್ಪಣಿಯನ್ನೂ ಕಳುಹಿಸಿ, ಪತ್ರಕ್ಕೆ ಕನಿಷ್ಠ ಮೂರು ವಾರಗಳ ಸಮಯ ಕೊಡಿ.

ಉತ್ತರ 2 (ಮನೆಯಿಂದ ಜಿಆರ್‌ಇ ಬರೆದವರು)

ಕೇಂದ್ರ ತೆರೆಯುವುದನ್ನು ಕಾಯಬೇಕಿಲ್ಲ. ಜಿಆರ್‌ಇ ಮತ್ತು ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಟೋಫೆಲ್ ಎರಡನ್ನೂ ಮಾರ್ಚ್‌ನಿಂದ ಮನೆಯಲ್ಲೇ ಬರೆಯಬಹುದು. ಪ್ರಶ್ನೆಗಳ ಸ್ವರೂಪವಾಗಲಿ ಅಂಕಗಳ ಅಳತೆಯಾಗಲಿ ಬದಲಾಗಿಲ್ಲ. ಅದಕ್ಕೂ ಮೊದಲು ನಿಮ್ಮ ವಿಭಾಗಗಳ ಜಾಲತಾಣಗಳನ್ನು ಮತ್ತೊಮ್ಮೆ ನೋಡಿ. ಈ ವರ್ಷದ ಮಟ್ಟಿಗೆ ಜಿಆರ್‌ಇ ಕಡ್ಡಾಯವಲ್ಲ ಎಂದು ಹಲವು ವಿಭಾಗಗಳು ಪ್ರಕಟಿಸಿವೆ, ಒಂದೇ ವಿಶ್ವವಿದ್ಯಾಲಯದ ಒಂದು ವಿಭಾಗ ಕೈಬಿಟ್ಟು ಇನ್ನೊಂದು ಉಳಿಸಿಕೊಂಡಿರುವುದೂ ಉಂಟು.

ಮನೆಯ ಪರೀಕ್ಷೆಯಲ್ಲಿ ತೊಂದರೆ ಕೊಡುವುದು ಗಣಿತಕ್ಕಿಂತ ಹೆಚ್ಚಾಗಿ ಕೋಣೆ. ಮೇಲ್ವಿಚಾರಕರು ಕ್ಯಾಮೆರಾದ ಮೂಲಕ ಮೇಜಿನ ಮೇಲ್ಭಾಗ, ಕೆಳಭಾಗ, ಗೋಡೆ, ಬಾಗಿಲು ಎಲ್ಲವನ್ನೂ ತೋರಿಸಲು ಹೇಳುತ್ತಾರೆ; ಕಂಪ್ಯೂಟರಿನ ಪರದೆಯನ್ನು ತೋರಿಸಲು ಕೈಯಲ್ಲೊಂದು ಕನ್ನಡಿ ಇರಬೇಕು ಅಥವಾ ಮೊಬೈಲಿನ ಕ್ಯಾಮೆರಾ ಬಳಸಬೇಕು. ಹೆಡ್‌ಫೋನ್ ಬಳಸುವಂತಿಲ್ಲ, ಕಿವಿಗಳು ಕಾಣುತ್ತಿರಬೇಕು, ಹಾಸಿಗೆಯ ಮೇಲೆ ಕುಳಿತು ಬರೆಯುವಂತಿಲ್ಲ. ಲೆಕ್ಕ ಮಾಡಲು ಸಾಮಾನ್ಯ ಕಾಗದಕ್ಕೂ ಅವಕಾಶವಿಲ್ಲ: ಸಣ್ಣ ವೈಟ್‌ಬೋರ್ಡ್, ಇಲ್ಲವೇ ಪಾರದರ್ಶಕ ಹಾಳೆಕವಚದೊಳಗೆ ಇಟ್ಟ ಕಾಗದದ ಮೇಲೆ ಒರೆಸಬಹುದಾದ ಮಾರ್ಕರಿನಿಂದ ಬರೆಯಬೇಕು, ಕೊನೆಯಲ್ಲಿ ಎಲ್ಲವನ್ನೂ ಅಳಿಸಿ ಕ್ಯಾಮೆರಾಗೆ ತೋರಿಸಬೇಕು. ದಪ್ಪ ಮಾರ್ಕರಿನಲ್ಲಿ ಭಿನ್ನರಾಶಿಗಳನ್ನು ಬರೆಯುವುದು ಅಭ್ಯಾಸವಿಲ್ಲದವರಿಗೆ ಕಿರಿಕಿರಿ ಉಂಟುಮಾಡುತ್ತದೆ, ಆದ್ದರಿಂದ ಮಾದರಿ ಪರೀಕ್ಷೆಗಳನ್ನೂ ಅದರಲ್ಲೇ ಮಾಡಿ. ವಿದ್ಯುತ್ ಮತ್ತು ಇಂಟರ್‌ನೆಟ್ ಎರಡಕ್ಕೂ ಪರ್ಯಾಯ ವ್ಯವಸ್ಥೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೇನೆ. ಎರಡು ಸಂಶಯಗಳು ಉಳಿದಿವೆ. ಇಂಗ್ಲಿಷ್ ಪರೀಕ್ಷೆಯಾಗಿ ಮನೆಯಿಂದಲೇ ಬರೆಯುವ ಡುವೊಲಿಂಗೊ ಅಥವಾ ಐಇಎಲ್‌ಟಿಎಸ್ ಇಂಡಿಕೇಟರ್ (ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಆನ್‌ಲೈನ್ ರೂಪ) ಸಾಕೆಂದು ಕೆಲವು ವಿಶ್ವವಿದ್ಯಾಲಯಗಳು ಹೇಳುತ್ತಿವೆ. ಮೂರೂ ದೇಶಗಳಿಗೆ ಅದೊಂದೇ ನಡೆಯುತ್ತದೆಯೇ? ಪ್ರವೇಶವನ್ನು ಒಂದು ವರ್ಷ ಮುಂದೂಡಬಹುದೇ ಎಂದು ಮಿಂಚಂಚೆಯಲ್ಲಿ ಕೇಳಿದರೆ, ಸಂದರ್ಭ ನೋಡಿ ಪರಿಗಣಿಸುತ್ತೇವೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸುತ್ತಿದ್ದಾರೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ 3 (ವಿದ್ಯಾರ್ಥಿ ಸಲಹೆಗಾರರು)

ವಿಶ್ವವಿದ್ಯಾಲಯ ಒಪ್ಪಿದ್ದನ್ನು ವೀಸಾ ಕಚೇರಿಯೂ ಒಪ್ಪಲೇಬೇಕೆಂಬ ನಿಯಮವಿಲ್ಲ. ಈ ವರ್ಷ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುತ್ತಿರುವುದು ಇಲ್ಲಿಯೇ. ಇಂಡಿಕೇಟರ್ ಪರೀಕ್ಷೆಯನ್ನು ಕೇಂದ್ರಗಳು ಮುಚ್ಚಿರುವಾಗ ಪ್ರವೇಶಕ್ಕೆ ನೆರವಾಗಲೆಂದು ರೂಪಿಸಲಾಗಿದೆ, ವೀಸಾಕ್ಕಾಗಿ ಅಲ್ಲ. ಕೆನಡಾದಲ್ಲಿ ಕೆಲವು ನಿರ್ದಿಷ್ಟ ದೇಶಗಳ ನಿವಾಸಿಗಳಿಗೆ ಇರುವ ತ್ವರಿತ ವಿದ್ಯಾರ್ಥಿ ವೀಸಾ ವ್ಯವಸ್ಥೆಯಲ್ಲಿ (ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್) ಅರ್ಜಿ ಹಾಕುವುದಾದರೆ, ಇಂಗ್ಲಿಷಿಗೆ ಕೇಂದ್ರದಲ್ಲಿ ಬರೆದ ಐಇಎಲ್‌ಟಿಎಸ್ ಬೇಕು, ಅದರಲ್ಲೂ ನಾಲ್ಕು ವಿಭಾಗಗಳಲ್ಲಿ ತಲಾ 6 ಅಂಕ ಇರಲೇಬೇಕು. ಬ್ರಿಟನ್ನಿನಲ್ಲಿ ಪರಿಸ್ಥಿತಿ ಬೇರೆ: ಪದವಿ ಮಟ್ಟ ಮತ್ತು ಅದಕ್ಕೆ ಮೇಲಿನ ಕೋರ್ಸುಗಳಿಗೆ ಪರವಾನಗಿ ಪಡೆದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಇಂಗ್ಲಿಷನ್ನು ತಾವೇ ಅಳೆದು ದೃಢೀಕರಿಸಬಹುದು. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಪ್ರತ್ಯೇಕ ಇಂಗ್ಲಿಷ್ ಅಂಕವನ್ನು ನಿಗದಿಪಡಿಸಿಲ್ಲ, ಪ್ರವೇಶ ಕೊಟ್ಟ ಸಂಸ್ಥೆಗೆ ಒಪ್ಪಿಗೆಯಾದರೆ ಸಾಕು, ಆದರೆ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದನ್ನು ಮರೆಯಬೇಡಿ. ಮೂರೂ ಕಡೆ ಅರ್ಜಿ ಹಾಕುವ ನಿಮಗೆ, ಕೇಂದ್ರ ತೆರೆದ ಕೂಡಲೇ ಸಾಮಾನ್ಯ ಐಇಎಲ್‌ಟಿಎಸ್ ಅಕಾಡೆಮಿಕ್ ಬರೆಯುವುದೇ ನನ್ನ ಸಲಹೆ. ಡುವೊಲಿಂಗೊ ಅಂಕ ಅದುವರೆಗೆ ಪ್ರವೇಶದ ಅರ್ಜಿಯನ್ನು ಮುಂದೆ ಸಾಗಿಸಲಿ.

ಮುಂದೂಡಿಕೆಯ ವಿಚಾರದಲ್ಲಿ, ‘ಪರಿಗಣಿಸುತ್ತೇವೆ’ ಎಂಬುದನ್ನು ‘ಇಲ್ಲ’ ಎಂದೇ ಎಣಿಸಿ ಲೆಕ್ಕ ಹಾಕಿಕೊಳ್ಳಿ. ಸೀಟು ಖಚಿತಪಡಿಸಿಕೊಳ್ಳಲು ಠೇವಣಿ ಕಟ್ಟುವ ಮೊದಲು ಖಚಿತವಾಗಿ ಕೇಳಬೇಕಾದದ್ದು ಇಷ್ಟು: ವೀಸಾ ಸಿಗದಿದ್ದರೆ ಅಥವಾ ಗಡಿ ಮುಚ್ಚಿದ್ದರೆ ಠೇವಣಿ ಮರಳಿ ಬರುತ್ತದೆಯೇ, ಸೀಟನ್ನು ಮುಂದಿನ ವರ್ಷಕ್ಕೆ ಕಾಯ್ದಿಟ್ಟಾಗ ವಿದ್ಯಾರ್ಥಿವೇತನವೂ ಜೊತೆಗೆ ಬರುತ್ತದೆಯೇ, ಮುಂದಿನ ವರ್ಷದ ಶುಲ್ಕವೇ ಅನ್ವಯಿಸುತ್ತದೆಯೇ. ಸೀಟು ಉಳಿದು ವಿದ್ಯಾರ್ಥಿವೇತನ ಕೈತಪ್ಪುವುದು ಅಪರೂಪವೇನಲ್ಲ. ಟೋಫೆಲ್, ಐಇಎಲ್‌ಟಿಎಸ್ ಅಂಕಗಳು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ, ಜಿಆರ್‌ಇ ಅಂಕ ಐದು ವರ್ಷ. ಮುಂದೂಡಿದಾಗ ಆ ದಿನಾಂಕವನ್ನೂ ನೋಡಿಕೊಳ್ಳಬೇಕು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನೊಂದಿಗೆ ಪ್ರವೇಶ ನೀಡಿದಾಗ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡಲು ಒಪ್ಪಿಕೊಂಡಿವೆ. ಅದಕ್ಕಿಂತ ಮೊದಲೇ ಅವಸರಪಡಿಸಿದರೆ ಈ ಒಪ್ಪಂದವನ್ನು ವಿನಯದಿಂದ ನೆನಪಿಸಬಹುದು.

ಉತ್ತರ 4

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ, ಆದರೂ ಕಾಯುವುದು ಹೇಡಿತನವೆಂಬ ಭಾವನೆ ಯಾರಿಗೂ ಬರಬಾರದು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸಾಲ ಮಾಡಿ ಹೋಗುವವರು ಅದರ ಅರ್ಧವನ್ನು ಕೋಣೆಯೊಳಗೆ ಕುಳಿತು ಲ್ಯಾಪ್‌ಟಾಪಿನಲ್ಲಿ ಕಳೆಯಬೇಕಾದರೆ, ಪ್ರಯೋಗಾಲಯವೂ ಇಲ್ಲ, ಸಹಪಾಠಿಗಳ ಪರಿಚಯವೂ ಇಲ್ಲ, ಪೂರ್ತಿ ಶುಲ್ಕ ಮಾತ್ರ ಇರುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಉಳಿದು ಕೆಲಸ ಮಾಡಬಹುದಾದ ಗ್ರಾಜುಯೇಟ್ ರೂಟ್ 2021ರ ಬೇಸಿಗೆಯಲ್ಲಿ ಆರಂಭವಾಗಲಿದೆ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿದೆ, ಆದ್ದರಿಂದ ಒಂದು ವರ್ಷ ತಡವಾದರೂ ಆ ಅವಕಾಶ ತಪ್ಪುವ ಸಂಭವ ಕಡಿಮೆ. ಎರಡು ವರ್ಷಗಳ ಕೋರ್ಸುಗಳಲ್ಲಿ ಮೊದಲ ಸೆಮಿಸ್ಟರ್ ಆನ್‌ಲೈನ್ ಆದರೂ ನಂತರ ತುಂಬಿಕೊಳ್ಳಲು ಕಾಲಾವಕಾಶವಿರುತ್ತದೆ. ಕೋರ್ಸಿನ ಅವಧಿಯನ್ನು ನೋಡಿ ಅಮೆರಿಕ, ಕೆನಡಾಗಳಿಗೆ ಈ ವರ್ಷ, ಬ್ರಿಟನ್ನಿಗೆ ಮುಂದಿನ ವರ್ಷ ಎಂದು ಅರ್ಜಿಗಳನ್ನು ವಿಂಗಡಿಸಿಕೊಳ್ಳುವುದೂ ಸಾಧ್ಯ. ಬ್ರಿಟನ್ನಿನ ಹಲವು ಸ್ನಾತಕೋತ್ತರ ಕೋರ್ಸುಗಳಿಗೆ ವಸಂತದ ನಂತರವೂ ಅರ್ಜಿ ಸ್ವೀಕರಿಸುವುದರಿಂದ, ಬ್ರಿಟನ್ನಿನ ವಿಚಾರವನ್ನು ಮಾರ್ಚ್ ವೇಳೆಗೆ ಮತ್ತೆ ಎತ್ತಿಕೊಂಡರೂ ತಡವಾಗುವುದಿಲ್ಲ.