ಫೋಮ್ ಹೊಸದು, ಬಟ್ಟೆ ಹೊಸದು, ಸೋಫಾ ಮಾತ್ರ 1972ರದ್ದಾ?

ಮಿಲಾನ್ ಮಂಜು: ಇಲ್ಲಿನ ಹಳೇ ಪೀಠೋಪಕರಣದ ಅಂಗಡಿಯೊಂದರಲ್ಲಿ ಕಮಲೆಯೊಂಡಾ ಸೋಫಾ ಮಾರಾಟಕ್ಕಿದೆ. ಇಟಲಿಯ ಡಿಸೈನರ್ ಮಾರಿಯೊ ಬೆಲ್ಲಿನಿ 1970ರಲ್ಲಿ ಮಾಡಿದ ಡಿಸೈನು. 90 ಸೆಂ.ಮೀ. ಚೌಕದ ಸೀಟುಗಳು, ಬೆನ್ನು, ಕೈಗಳನ್ನು ಬೇಕಾದ ಕಡೆ ಕೊಕ್ಕೆ ಹಾಕಿ ಸೇರಿಸಿಕೊಳ್ಳಬಹುದು. 1972ರದ್ದು, ರಿಸ್ಟೋರ್ ಮಾಡಿದ್ದು ಅಂತಾರೆ. ಕೆದಕಿದರೆ ಫೋಮೂ ಹೊಸದು, ಬಟ್ಟೆಯೂ ಹೊಸದು. ತಗೊಳ್ಳಲಾ?

ದುರ್ಗದ ಕಲ್ಲು: ಬೇಡ. ಇದನ್ನು ಮಾಡ್ತಿದ್ದ ಬಿ ಅಂಡ್ ಬಿ ಇಟಾಲಿಯಾ ಕಂಪನಿಯೇ 2020ರಲ್ಲಿ ಮತ್ತೆ ತಯಾರಿಸೋಕೆ ಶುರು ಮಾಡಿದೆ, ಹೊಸದೇ ಬೇಕಿದ್ದರೆ ಅದನ್ನೇ ತಗೊಳ್ಳಿ. ಈ ಸೋಫಾದಲ್ಲಿ ಕಣ್ಣಿಗೆ ಕಾಣೋದು, ಮೈಗೆ ತಾಗೋದು ಎಲ್ಲಾ ಫೋಮು, ಬಟ್ಟೆ. ಎರಡೂ ಹೋದ ಮೇಲೆ ಬೆಲ್ಲಿನಿಯದ್ದು ಅಂತ ಏನು ಉಳೀತು?

ವಿದ್ಯಾ ಇಂಟೀರಿಯರ್ಸ್: ಕಲ್ಲು ಅವರೇ, ಐವತ್ತು ವರ್ಷದ ಪಾಲಿಯುರಿಥೇನ್ ಫೋಮ್ ಮುಟ್ಟಿ ನೋಡಿದ್ದೀರಾ? ಗಾಳಿ, ಬೆಳಕು, ತೇವಕ್ಕೆ ಅದು ಒಳಗಿಂದಲೇ ಕಡಿದುಹೋಗುತ್ತೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಬೆರಳಲ್ಲಿ ಒತ್ತಿದರೆ ಹುರಿದ ರವೆ ಥರ ಉದುರುತ್ತೆ. ಮ್ಯೂಸಿಯಂನವರಿಗೇ ಇದು ತಲೆನೋವು. ಕೂರೋ ಸೋಫಾ ಅಂದ ಮೇಲೆ ಫೋಮ್ ಬದಲಿಸದೆ ಗತಿಯಿಲ್ಲ.

ದುರ್ಗದ ಕಲ್ಲು: ಬದಲಿಸಲಿ, ಯಾರು ಬೇಡ ಅಂದ್ರು? ‘ಒರಿಜಿನಲ್’ ಅಂತ ದುಡ್ಡು ಕೇಳಬಾರದು ಅಷ್ಟೆ.

ಹುಬ್ಬಳ್ಳಿ ಕುಶನ್: ನಮ್ಮಪ್ಪಂದು ಕುಶನ್ ಅಂಗಡಿ ಐತ್ರಿ. ಫೋಮ್ ಹಾಕೂದು ದೊಡ್ಡ ಮಾತಲ್ಲ, ಯಾವ ಡೆನ್ಸಿಟಿದು ಹಾಕ್ಯಾರ ಅನ್ನೂದ ಮುಖ್ಯ. ಫೋಟೋ ನೋಡಿದೆ. ಅದರ ಅಂದ ಎಲ್ಲಾ ಇರೋದ ಗುಂಡಿ, ಅಂದ್ರ ಬಟನ್, ಒಳಗ ಎಳದು, ಸುತ್ತಲೂ ಉಬ್ಬಿ ಬರೋದ್ರಾಗ. ಗಟ್ಟಿ ಫೋಮ್ ಹಾಕಿದ್ರ ಗುಂಡಿ ಮ್ಯಾಲ ಕುಂದರತೈತಿ, ಮೆತ್ತಂದು ಹಾಕಿದ್ರ ಮೂಲಿ ಜೋತು ಬೀಳತಾವ. ಮೊದಲ ಗುಂಡಿ ನೋಡ್ರಿ, ಆಮ್ಯಾಲ ವರ್ಷ ಕೇಳ್ರಿ.

ವಿದ್ಯಾ ಇಂಟೀರಿಯರ್ಸ್: ಇದು ಮಾತು. ಮಂಜು, ಜೊತೆಗೆ ಒಂದು ಸೀಟು ತಲೆಕೆಳಗು ಮಾಡಿಸಿ ಕೊಕ್ಕೆ, ಉಂಗುರ, ತಂತಿ ನೋಡಿ. ಬೆಲ್ಲಿನಿಯ ಜಾಣತನ ಇರೋದೇ ಆ ಜೋಡಣೆಯಲ್ಲಿ. ಅದು ಹಳೆಯದೇ ಉಳಿದಿದ್ದರೆ ನನ್ನ ಮಟ್ಟಿಗೆ ಸೋಫಾ ಹಳೆಯದೇ. ಕಂಪನಿಯ ಲೇಬಲ್ಲೂ ನೋಡಿ. ಸಿ ಅಂಡ್ ಬಿ ಇಟಾಲಿಯಾ ಅನ್ನೋ ಹೆಸರು ಬಿ ಅಂಡ್ ಬಿ ಆಗಿದ್ದು 1973ರಲ್ಲಿ, ಚೆಸರೆ ಕಸ್ಸೀನಾ ಪಾಲು ಬಿಟ್ಟ ಮೇಲೆ. 1972ರದ್ದು ಅಂದುಕೊಂಡು ಬಿ ಅಂಡ್ ಬಿ ಲೇಬಲ್ ತೋರಿಸಿದರೆ ಅಲ್ಲೇ ಸಿಕ್ಕಿಬಿದ್ದ!

ಮಿಲಾನ್ ಮಂಜು: ಲೇಬಲ್ಲು ಹಳೇ ಬಟ್ಟೆ ಜೊತೆ ಹೋಯ್ತಂತೆ ಮೇಡಂ.

ದುರ್ಗದ ಕಲ್ಲು: ಹೋಗಿರುತ್ತೆ, ಪಾಪ.

ಕೆಂಗೇರಿ ಕಾಫಿ: ಇದರ ಬದಲು ಸೊರಿಯಾನಾ ಸೋಫಾ ಹುಡುಕಿ. ಆಫ್ರಾ ಮತ್ತು ತೋಬಿಯಾ ಸ್ಕಾರ್ಪಾ ದಂಪತಿ ಕಸ್ಸೀನಾ ಕಂಪನಿಗೆ ಮಾಡಿದ್ದು, 1970ರಲ್ಲಿ ಕೊಂಪಾಸ್ಸೊ ದೋರೊ ಅನ್ನೋ ಇಟಲಿಯ ಡಿಸೈನ್ ಪ್ರಶಸ್ತಿ ಬಂದಿತ್ತು. ಬಟ್ಟೆಯನ್ನು ಸಡಿಲವಾಗಿ ಸುತ್ತಿ ಹೊರಗಿಂದ ಕ್ರೋಮ್ ಕಂಬಿಯಲ್ಲಿ ಹಿಡಿದಿರ್ತಾರೆ. ಫೋಮ್ ಬದಲಾದರೂ ಹಳೇ ಕಂಬಿ ಎದುರಿಗೇ ಕಾಣುತ್ತೆ.

ವಿದ್ಯಾ ಇಂಟೀರಿಯರ್ಸ್: ಅದೂ 2021ರಲ್ಲಿ ಮರಳಿ ಬಂತಲ್ಲ ಸ್ವಾಮಿ. ಕಂಬಿ ಹೊಳೀತಿದ್ದರೆ ಮತ್ತೆ ಇದೇ ಜಗಳ.

ಮಿಲಾನ್ ಮಂಜು: ಬಿಚ್ಚುವಾಗ ತೆಗೆದ ಫೋಟೋ ಕೊಡಿ, ಏನೇನು ಬದಲಿಸಿದ್ದೀರಿ ಬಿಲ್ಲಲ್ಲಿ ಬರೀರಿ ಅಂತ ಅಂಗಡಿಯವನಿಗೆ ಮೆಸೇಜ್ ಹಾಕಿದೀನಿ. ಇನ್ನೂ ಉತ್ತರ ಇಲ್ಲ.

ಹುಬ್ಬಳ್ಳಿ ಕುಶನ್: ಬರಂಗಿಲ್ಲ ಬಿಡ್ರಿ.