ಸಿಟಿ ಆಫ್ ಹೀರೋಸ್ ಮತ್ತೆ ಶುರುವಾಗಿದೆಯಂತೆ. ನನ್ನ ಹಳೆ ‘ಬಾದಾಮಿ ಬಂಡೆ’ ಸಿಗುತ್ತಾನಾ?

ಬಂಡೆ_09 (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಜಾಸ್ತಿ ನಡೆಯುವುದು ಮೊಬೈಲ್ ಗೇಮಿನ ಮಾತು ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ, ಹಳಬರು ಯಾರಾದರೂ ಇದ್ದರೆ ಹೇಳಿ.

ನಾನು 2009ರಿಂದ 2012ರ ತನಕ ಸಿಟಿ ಆಫ್ ಹೀರೋಸ್ ಆಡಿದವನು. ನಮ್ಮದೇ ಸೂಪರ್‌ಹೀರೋ ಕಟ್ಟಿಕೊಂಡು ಬೇರೆಯವರ ಜೊತೆ ಆಡುವ ಆನ್‌ಲೈನ್ ಕಂಪ್ಯೂಟರ್ ಗೇಮ್ ಅದು. ಆಗ ಇಂಜಿನಿಯರಿಂಗ್ ಓದುತ್ತಿದ್ದೆ. ಟಿಳಕವಾಡಿಯಲ್ಲಿ ಮೂವರು ಸೇರಿ ಒಂದು ರೂಮ್ ಹಿಡಿದಿದ್ದೆವು. ತಿಂಗಳಿಗೆ 15 ಡಾಲರ್ ಕಟ್ಟಬೇಕಿತ್ತು, ಆಗಿನ ಲೆಕ್ಕದಲ್ಲಿ ಸುಮಾರು 700 ರೂಪಾಯಿ. ಖಾನಾವಳಿಯ ಅರ್ಧ ತಿಂಗಳ ಊಟದ ದುಡ್ಡು ಅದು. ಪುಣೆಯ ಮಾವನ ಕ್ರೆಡಿಟ್ ಕಾರ್ಡ್ ಹಾಕಿಸಿಕೊಂಡಿದ್ದೆ. ‘ಓದುವುದಕ್ಕೆ ಬೇಕು ಮಾಮಾ’ ಅಂದಿದ್ದೆ. ಅವರು ನಂಬಿದ್ದರೋ, ಸುಮ್ನೆ ಇದ್ದರೋ ಗೊತ್ತಿಲ್ಲ.

ನಮ್ಮೂರು ಬಾದಾಮಿ ಹತ್ತಿರದ ಹಳ್ಳಿ. ಹಾಗಾಗಿ ನನ್ನ ಹೀರೋ ಹೆಸರು ಬಾದಾಮಿ ಬಂಡೆ. ಜಾತಿ ಟ್ಯಾಂಕರ್, ಶಕ್ತಿ ಸ್ಟೋನ್ ಆರ್ಮರ್. ಹೊಡೆಯುವುದು ಕಡಿಮೆ, ಹೊಡೆಸಿಕೊಳ್ಳುವುದು ಜಾಸ್ತಿ. ಮೈಗೆ ನಮ್ಮ ಗುಡ್ಡದ ಕೆಂಪು ಬಣ್ಣ ಬರಬೇಕು ಅಂತ ಎರಡು ರಾತ್ರಿ ಕೂತಿದ್ದೆ. ದೋತರ ಸಿಗಲಿಲ್ಲ, ಅಗಲವಾದ ಬೆಲ್ಟಿನಲ್ಲೇ ಸಮಾಧಾನ ಮಾಡಿಕೊಂಡೆ. ಮೀಸೆ ಮಾತ್ರ ಸಿಕ್ಕಿತ್ತು. 32ನೇ ಲೆವೆಲ್‌ಗೆ ಗ್ರಾನೈಟ್ ಆರ್ಮರ್ ಬಂತು. ಅದನ್ನು ಹಾಕಿದರೆ ಇಡೀ ಮೈ ಕಲ್ಲಾಗಿ, ಅಷ್ಟು ಕಷ್ಟಪಟ್ಟ ವೇಷವೇ ಕಾಣುತ್ತಿರಲಿಲ್ಲ! ಜಿಗಿಯುವ ಹಾಗಿಲ್ಲ, ನಡಿಗೆ ಎತ್ತಿನ ಗಾಡಿಯದ್ದು. ಟೆಲಿಪೋರ್ಟ್ ಮಾಡಿ ವೈರಿಗಳ ನಡುವೆ ಇಳಿದು ನಿಂತುಬಿಡುತ್ತಿದ್ದೆ. ಹತ್ತು ಹದಿನೈದು ಜನ ಒಟ್ಟಿಗೆ ಬಡಿದರೂ ರಕ್ತದ ಗೆರೆ ಅಲುಗಾಡುತ್ತಿರಲಿಲ್ಲ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟಾದರೆ ನಮಗೆ ಬೆಳಗಿನ ಐದೂವರೆ, ಚಳಿಗಾಲದಲ್ಲಿ ಆರೂವರೆ. ಜೊತೆಗೆ ಆಡುವವರು ಅಲ್ಲಿಯವರು, ಹಾಗಾಗಿ ನನ್ನ ಆಟವೆಲ್ಲ ಬೆಳಗ್ಗೆಯೇ. ರೂಮಿನವರು ಪರೀಕ್ಷೆಗೆ ಓದುತ್ತಿದ್ದಾನೆ ಅಂದುಕೊಂಡಿದ್ದರು, ಪಾಪ.

ಕೊನೆಯ ದಿನದ ಕಥೆ ಹೇಳಲೇಬೇಕು. 2012ರ ನವೆಂಬರ್ 30ರ ಮಧ್ಯರಾತ್ರಿ ಗೇಮಿನ ಸರ್ವರ್ ಕಾಯಂ ಆಗಿ ಮುಚ್ಚುವುದು ಅಂತಿತ್ತು. ಅದು ಅಲ್ಲಿಯ ಪಶ್ಚಿಮ ಕರಾವಳಿಯ ಸಮಯ. ನಮಗೆ ಡಿಸೆಂಬರ್ 1, ಶನಿವಾರ, ಮಧ್ಯಾಹ್ನ ಒಂದೂವರೆ. ಆಗಷ್ಟೇ ಉದ್ಯಮಬಾಗದಲ್ಲಿ ಟ್ರೇನಿ ಆಗಿ ಸೇರಿದ್ದೆ. ಹಲ್ಲುನೋವು ಅಂತ ಸುಳ್ಳು ಹೇಳಿ ಹನ್ನೊಂದಕ್ಕೇ ರೂಮಿಗೆ ಬಂದೆ. ಆಟದೊಳಗಿನ ಊರಿನ ಅಟ್ಲಾಸ್ ಪಾರ್ಕ್‌ನಲ್ಲಿ ಆ ದೊಡ್ಡ ಪ್ರತಿಮೆಯ ಕೆಳಗೆ ಬಂಡೆಯನ್ನು ನಿಲ್ಲಿಸಿದೆ. ಸುತ್ತ ಜನವೋ ಜನ. ಯಾರೋ ಕುಣಿಯುತ್ತಿದ್ದರು, ಯಾರೋ ಸುಮ್ನೆ ಹಾರಾಡುತ್ತಿದ್ದರು. 12:40ಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಮಾಲೀಕರ ಮಗನ ಕೈಕಾಲು ಹಿಡಿದೆ, ಅವನು ತಾನೇ ಏನು ಮಾಡಿಯಾನು. ಕರೆಂಟ್ ಬಂದದ್ದು ಎರಡೂಕಾಲಿಗೆ. ಲಾಗಿನ್ ಪುಟ ಬಂತು. ಅದರ ಹಿಂದೆ ಊರಿರಲಿಲ್ಲ.

ಈಗ ಮಗಳಿಗೆ ಒಂಬತ್ತು ವರ್ಷ. ‘ಪಪ್ಪಾ, ನಾನೇ ಹೀರೋ ಮಾಡುವ ಗೇಮ್ ಬೇಕು’ ಅಂತ ಹಟ ಹಿಡಿದಿದ್ದಾಳೆ. ಹುಡುಕಿದಾಗ ಹೋಮ್‌ಕಮಿಂಗ್ ಅನ್ನುವ ಹೆಸರು ಕಂಡಿತು. ಇದು ಕದ್ದ ಮಾಲಾ, ಸರಿಯಾದದ್ದಾ? ನನ್ನ ಬಂಡೆ ಅಲ್ಲಿ ಇದ್ದಾನಾ? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಲ್ಯಾಪ್‌ಟಾಪ್ ಸಾಕಾಗುತ್ತಾ?

---

ಹಿನ್ನೀರು (ಬಾಗಲಕೋಟೆ, ನವನಗರ)

ತಮ್ಮಾ, ಸುತ್ತಿ ಬಳಸಿ ಹೇಳುವುದಿಲ್ಲ. ಬಂಡೆ ಸಿಗುವುದಿಲ್ಲ. ಹೋಮ್‌ಕಮಿಂಗ್‌ನಲ್ಲಿ ನಾವೆಲ್ಲ ಒಂದನೇ ಲೆವೆಲ್‌ನಿಂದಲೇ ಶುರು ಮಾಡಿದವರು. ಹಳೆ ಖಾತೆ ಅಲ್ಲಿಗೆ ಬಂದಿಲ್ಲ.

ಕದ್ದ ಮಾಲಾ ಅಂದೆಯಲ್ಲ, ಒಂದು ಕಾಲಕ್ಕೆ ಹೌದು ಅಂತಲೇ ಹೇಳಬೇಕಿತ್ತು. 2019ರ ಏಪ್ರಿಲ್‌ನಲ್ಲಿ ಗುಟ್ಟು ರಟ್ಟಾಯಿತು. ಕೆಲವರು ವರ್ಷಗಟ್ಟಲೆ ಯಾರಿಗೂ ಹೇಳದೆ ತಮ್ಮಷ್ಟಕ್ಕೆ ಸರ್ವರ್ ನಡೆಸಿಕೊಂಡಿದ್ದರು. ನಾವು ಇಲ್ಲಿ ಅಳುತ್ತಾ ಕೂತಿದ್ದರೆ ಅವರು ಅಲ್ಲಿ ಆಡುತ್ತಾ ಕೂತಿದ್ದರು! ಭಾರಿ ಜಗಳವಾಯಿತು. ಆ ಗದ್ದಲದಲ್ಲೇ ಕೋಡ್ ಹೊರಗೆ ಬಂತು, ಅದರಿಂದ ಹೋಮ್‌ಕಮಿಂಗ್ ಹುಟ್ಟಿತು. ಐದು ವರ್ಷ ಯಾವಾಗ ನೋಟಿಸ್ ಬರುತ್ತದೋ ಅಂತ ಹೆದರಿಕೊಂಡೇ ಆಡಿದೆವು. 2024ರ ಜನವರಿಯಲ್ಲಿ ಗೇಮಿನ ಮಾಲೀಕ ಕಂಪನಿ ಎನ್‌ಸಿಸಾಫ್ಟ್ ಅವರೇ ಹೋಮ್‌ಕಮಿಂಗ್‌ಗೆ ಲೈಸೆನ್ಸ್ ಕೊಟ್ಟರು. ಈಗ ರಾಜಾರೋಷವಾಗಿ ಆಡಬಹುದು. ಫೀ ಇಲ್ಲ. ಸರ್ವರ್ ಖರ್ಚು ಆಡುವವರ ದೇಣಿಗೆಯಿಂದ ನಡೆಯುತ್ತದೆ. ಪುಣೆಯ ಮಾವನಿಗೆ ತೊಂದರೆ ಕೊಡಬೇಡ.

ಲ್ಯಾಪ್‌ಟಾಪ್ ಚಿಂತೆ ಬಿಡು. 2004ರ ಆಟ ಇದು. ಗ್ರಾಫಿಕ್ಸ್ ಸ್ವಲ್ಪ ಕೆಳಗೆ ಇಳಿಸಿದರೆ ಓಡುತ್ತದೆ. ಸರ್ವರ್‌ಗಳಲ್ಲಿ ರಿಯೂನಿಯನ್ ಯುರೋಪಿನದ್ದು, ನನಗೆ ಅಲ್ಲೇ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ತಡ, ಕಡಿಮೆ ಬರುತ್ತದೆ. ಆದರೆ ಜನ ಕಡಿಮೆ. ಟೀಮ್ ಬೇಕು ಅಂದರೆ ಎಕ್ಸೆಲ್ಸಿಯರ್ ಅಥವಾ ಎವರ್‌ಲಾಸ್ಟಿಂಗ್‌ಗೆ ಹೋಗು. ಈ ಆಟದಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಗುಂಡು ಹಾರಿಸುವುದು ಏನೂ ಇಲ್ಲ. ಕಾಲು ಸೆಕೆಂಡ್ ತಡವಾದರೂ ನಡೆಯುತ್ತದೆ.

ಇನ್ನೊಂದು ಮಾತು, ಸರಿಯಾಗಿ ಓದು. ಆಗಿನ ಹಾರ್ಡ್ ಡಿಸ್ಕ್ ಇಟ್ಟಿದ್ದೀಯಾ? ವೇಷ ಕಟ್ಟುವ ಪರದೆಯಲ್ಲಿ ‘ಸೇವ್’ ಅಂತ ಒಂದು ಬಟನ್ ಇತ್ತು, ನೆನಪಿದೆಯಾ? ಅದನ್ನು ಒತ್ತಿದ್ದರೆ ವೇಷ ನಿನ್ನ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು, ಸರ್ವರ್‌ನಲ್ಲಿ ಅಲ್ಲ. ಗೇಮ್ ಫೋಲ್ಡರಿನ ಒಳಗೆ ‘ಕಾಸ್ಟ್ಯೂಮ್ಸ್’ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಅಲ್ಲಿ ಫೈಲ್ ಸಿಕ್ಕರೆ ಹೋಮ್‌ಕಮಿಂಗ್‌ನಲ್ಲಿ ಲೋಡ್ ಮಾಡಬಹುದು. ನನ್ನದು ಹಾಗೇ ಬಂತು.

ನಮ್ಮ ಹಳೆ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಎಲ್ಲರೂ ಪಾತ್ರೆ, ಕಪಾಟು ಅಂತ ಕಟ್ಟುತ್ತಿದ್ದರೆ ನಮ್ಮ ಅಜ್ಜಿ ತಲಬಾಗಿಲಿನ ಚೌಕಟ್ಟು ಬಿಚ್ಚಿಸಿ ಟ್ರ್ಯಾಕ್ಟರಿಗೆ ಹಾಕಿಸಿದಳು. ಸೆಕ್ಟರ್ ನಂಬರಿನ ಸಿಮೆಂಟ್ ಮನೆಗೆ ಆ ವಾಡೆಯ ಬಾಗಿಲು! ಒಳಗೆ ಬರುವವರು ಈಗಲೂ ತಲೆ ಬಗ್ಗಿಸಬೇಕು. ಗ್ಯಾಸ್ ಸಿಲಿಂಡರ್ ತರುವ ಹುಡುಗ ವಾರ ಬಿಟ್ಟು ವಾರ ಹಣೆ ಬಡಿಸಿಕೊಳ್ಳುತ್ತಾನೆ.

ಡಿಸ್ಕ್ ಹುಡುಕು.

---

ಪಿಸುಮಾತು_ಡಿಫೆಂಡರ್ (ವಿಜಯಪುರ)

ಹಿನ್ನೀರು ಕಾಕಾ ಹೇಳಿದ್ದೆಲ್ಲ ಸರಿ. ನಾನು ಮಗಳ ವಿಷಯ ಹೇಳುತ್ತೇನೆ.

ಅಣ್ಣಾ, ದಯವಿಟ್ಟು ಅವಳಿಗೆ ಟ್ಯಾಂಕರ್ ಕೊಡಬೇಡಿ. ನಿಮ್ಮ ಆಸೆ ಅವಳ ತಲೆಗೆ ಕಟ್ಟಬೇಡಿ. ಒಂಬತ್ತು ವರ್ಷದ ಹುಡುಗಿಗೆ ಬೇಕಾದದ್ದು ಎರಡೇ: ಹಾರಬೇಕು, ಜೊತೆಗೆ ಪ್ರಾಣಿ ಇರಬೇಕು. ಮಾಸ್ಟರ್‌ಮೈಂಡ್ ಮಾಡಿಸಿ, ಅದರಲ್ಲಿ ಬೀಸ್ಟ್ ಮಾಸ್ಟರಿ ತೆಗೆದುಕೊಳ್ಳಲಿ. ಮೊದಲು ತೋಳ ಬರುತ್ತದೆ, ಆಮೇಲೆ ಸಿಂಹಿಣಿ. ಅವೇ ಹೋಗಿ ಕಚ್ಚುತ್ತವೆ, ಇವಳು ಹಿಂದೆ ನಿಂತು ಅಪ್ಪಣೆ ಕೊಡುತ್ತಿದ್ದರೆ ಆಯಿತು. ನನ್ನ ಅಕ್ಕನ ಮಗ ಇದನ್ನೇ ಆಡುತ್ತಾನೆ. ತೋಳಗಳಿಗೆ ಮನೆಯ ನಾಯಿಗಳ ಹೆಸರಿಟ್ಟಿದ್ದಾನೆ. ಹಾರುವುದಕ್ಕೆ ಆಗ 14ನೇ ಲೆವೆಲ್ ತನಕ ಕಾಯಬೇಕಿತ್ತು, ನೆನಪಿರಬೇಕು. ಈಗ 4ಕ್ಕೇ ಸಿಗುತ್ತದೆ.

ಜೇಡನ ಹುಡುಗಿ, ಹಸಿರು ರಾಕ್ಷಸ ಅಂತ ಸಿನಿಮಾದವರನ್ನು ನಕಲು ಮಾಡಲು ಬಿಡಬೇಡಿ. ಇದೇ ಕಾರಣಕ್ಕೆ 2004ರಲ್ಲಿ ಮಾರ್ವೆಲ್ ಕೋರ್ಟಿಗೆ ಹೋಗಿತ್ತು. ಆಡುವವರು ಮಾರ್ವೆಲ್‌ನ ಹೀರೋಗಳನ್ನೇ ಕಟ್ಟಿಕೊಳ್ಳುತ್ತಿದ್ದಾರೆ ಅಂತ ಗೇಮ್ ಮಾಡಿದ ಕ್ರಿಪ್ಟಿಕ್, ಎನ್‌ಸಿಸಾಫ್ಟ್ ಮೇಲೆ ಕೇಸು. ಮರುವರ್ಷ ರಾಜಿಯಾಯಿತು. ಈಗಲೂ ಅಂಥ ಹೀರೋ ಕಂಡರೆ ಹೆಸರು ಕಿತ್ತುಹಾಕುತ್ತಾರೆ. ಮಗು ಅಳುತ್ತದೆ. ಚಾಟ್ ಕಿಟಕಿಯನ್ನೂ ಮುಚ್ಚಿಡಿ, ದೊಡ್ಡವರ ಮಾತು ಬರುತ್ತಿರುತ್ತದೆ.

ನಾನು ಡಿಫೆಂಡರ್, ಅಂದರೆ ಟೀಮನ್ನು ಕಾಯುವ ಹೀರೋ. ಶಕ್ತಿ ರೇಡಿಯೇಶನ್ ಎಮಿಷನ್. ಹೊಸಬರು ‘ಹೀಲರ್ ಬೇಕು, ಹೀಲರ್ ಬೇಕು’ ಅಂತ ಕೂಗುವುದು ಕೇಳಿದರೆ ಮೈ ಉರಿಯುತ್ತದೆ. ಈ ಆಟದಲ್ಲಿ ಗಾಯ ವಾಸಿ ಮಾಡುವುದಕ್ಕಿಂತ ಗಾಯವೇ ಆಗದ ಹಾಗೆ ನೋಡಿಕೊಳ್ಳುವುದು ಜಾಣತನ. ನಾನು ಒಬ್ಬ ವೈರಿಯ ಮೇಲೆ ಇನ್‌ಫೆಕ್ಷನ್ ಹಾಕುತ್ತೇನೆ, ಅವನ ಸುತ್ತ ನಿಂತವರ ಗುರಿಯೆಲ್ಲ ತಪ್ಪುತ್ತದೆ. ಮೇಲೆ ಎನರ್ವೇಟಿಂಗ್ ಫೀಲ್ಡ್ ಹಾಕಿದರೆ ಅವರ ಏಟಿಗೆ ಬಲವೇ ಇರುವುದಿಲ್ಲ, ನಮ್ಮ ಏಟು ಎರಡು ಪಟ್ಟು ತಾಗಿದ ಹಾಗೆ ಕಾಣುತ್ತದೆ. ಆದರೆ ಆ ಒಬ್ಬನನ್ನು ಮೊದಲು ಕೊಂದರೆ ಎಲ್ಲ ಹೋಯಿತು. ಅದನ್ನೇ ಮಾಡುತ್ತಾರೆ! ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ. ಟೀಮ್ ಚಾಟ್‌ನಲ್ಲಿ ಏಳು ಸಲ ‘ಅವನನ್ನು ಬಿಡಿ’ ಅಂದರೂ ಒಂದು ಸಲ ಕೇಳುವುದಿಲ್ಲ.

ಲೆವೆಲ್ ಹೊಂದುವುದಿಲ್ಲ ಅಂತ ಮಾತ್ರ ಹೆದರಬೇಡಿ. ಟೀಮಿಗೆ ಸೇರಿದರೆ ಸಣ್ಣ ಲೆವೆಲ್‌ನವರನ್ನೂ ಲೀಡರ್ ಹತ್ತಿರಕ್ಕೆ ಏರಿಸುತ್ತದೆ. ನಿಮ್ಮ ಮಗಳು 3, ನಾನು 50. ಆದರೂ ಜೊತೆಗೆ ಆಡಬಹುದು. ಬೇರೆ ಆಟಗಳಲ್ಲಿ ಈ ಸುಖ ನನಗೆ ಸಿಗಲಿಲ್ಲ.

---

ಕುಂದಾಪ್ರಿಯ (ಬೆಳಗಾವಿ)

ಮೊಬೈಲ್‌ನಲ್ಲಿ ಬರುತ್ತಾ?

---

ಹಿನ್ನೀರು (ಬಾಗಲಕೋಟೆ, ನವನಗರ)

ಇಲ್ಲ. ಕಂಪ್ಯೂಟರೇ ಬೇಕು.

---

ಕುಂದಾಪ್ರಿಯ (ಬೆಳಗಾವಿ)

20 ವರ್ಷದ ಹಳೇ ಆಟಕ್ಕೆ ಇಷ್ಟು ಉದ್ದ ಬರೆದಿದ್ದೀರಲ್ರೀ. ಡಿಸಿ ಯೂನಿವರ್ಸ್ ಆನ್‌ಲೈನ್ ಇದೆಯಲ್ಲ, ಅದೂ ಫ್ರೀ.

---

ಪಿಸುಮಾತು_ಡಿಫೆಂಡರ್ (ವಿಜಯಪುರ)

ಇದೆ, ನಾನೂ ಆಡಿದ್ದೇನೆ. ಅದೂ 2011ರದ್ದು, ಏನು ಭಾರಿ ಹೊಸದಲ್ಲ. ಹೊಡೆದಾಟ ಅದರಲ್ಲೇ ಚುರುಕು, ಒಪ್ಪಿದೆ. ಆದರೆ ಅಲ್ಲಿ ಊರು ಬ್ಯಾಟ್‌ಮ್ಯಾನ್‌ನದ್ದು, ನಾವು ಅವನ ಕೈಕೆಳಗಿನವರು. ಇಲ್ಲಿ ಅಣ್ಣನ ಬಂಡೆಯೇ ದೊಡ್ಡವನು.

---

ಬಂಡೆ_09 (ಬೆಳಗಾವಿ)

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಡಿಸ್ಕ್ ಸಿಕ್ಕಿತು! ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ಟ್ರಂಕಿನಲ್ಲಿ, ನನ್ನ ಡ್ರಾಯಿಂಗ್ ಶೀಟ್‌ಗಳ ಕೆಳಗೆ ಇತ್ತು. ಅವ್ವ ಅದನ್ನು ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ಏನು ಅಂತ ಅವಳಿಗೆ ಗೊತ್ತಿಲ್ಲ, ಭಾರ ಇದೆ ಅಂತ ಎಸೆದಿರಲಿಲ್ಲ. ಬೆಳಗಾವಿಗೆ ತಂದು ಯುಎಸ್‌ಬಿ ಕೇಬಲ್‌ಗೆ ಸಿಕ್ಕಿಸಿದೆ. ಮೊದಲ ಸಲ ಬರೀ ಟಕ್ ಟಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಅಡ್ಡ ಮಲಗಿಸಿದ್ದನ್ನು ನೆಟ್ಟಗೆ ನಿಲ್ಲಿಸಿ ಹಚ್ಚಿದೆ, ತಿರುಗಿತು. ಕಾಕಾ ಹೇಳಿದ ಫೋಲ್ಡರಿನಲ್ಲಿ ಮೂರೇ ಫೈಲ್. ಒಂದರ ಹೆಸರು ‘ಬಂಡೆ ಫೈನಲ್’, ಇನ್ನೊಂದು ‘ಬಂಡೆ ಫೈನಲ್ 2’, ಮತ್ತೊಂದು ‘ಬಂಡೆ ಸಾಕು’.

‘ಸಾಕು’ ಲೋಡ್ ಮಾಡಿದೆ. ಅದೇ ಕೆಂಪು. ಅದೇ ಮೀಸೆ. ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ‘ಪಪ್ಪಾ, ಇವನು ನಮ್ಮ ಅಜ್ಜನ ಹಾಗೆ ಇದ್ದಾನೆ’ ಅಂದಳು. ಖರೇ ಹೇಳಬೇಕೆಂದರೆ ನನಗೆ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಅಪ್ಪನದ್ದೇ ಮೀಸೆ ಅದು. ಹೆಸರೂ ಖಾಲಿ ಇತ್ತು. ಬಾದಾಮಿ ಬಂಡೆ ಅಂತ ಬೇರೆ ಯಾರು ಇಟ್ಟುಕೊಳ್ಳುತ್ತಾರೆ ಬಿಡಿ.

ಮಗಳದ್ದು ಮಾಸ್ಟರ್‌ಮೈಂಡ್, ತಂಗಿ ಹೇಳಿದ ಹಾಗೇ. ಹೆಸರು ಮಲಪ್ರಭಾ. ಈಗ 6ನೇ ಲೆವೆಲ್, ನನಗಿಂತ ಒಂದು ಜಾಸ್ತಿ. ಅವಳು ಮೇಲೆ ಹಾರುತ್ತಾಳೆ, ತೋಳ ಕೆಳಗೆ ಓಡುತ್ತದೆ, ನಾನು ತೋಳದ ಹಿಂದೆ. ನಿನ್ನೆ ಹೆಲಿಯನ್ ಅನ್ನುವ ಪುಂಡರ ಗ್ಯಾಂಗಿನ ಕೈಯಲ್ಲಿ ನಾನು ಸತ್ತೆ, ತೋಳ ಬದುಕಿತು.

ಎಕ್ಸೆಲ್ಸಿಯರ್ ಆರಿಸಿದ್ದೇವೆ. ಕಾಕಾ, ತಂಗಿ, ಭಾನುವಾರ ಬೆಳಗ್ಗೆ ಆರಕ್ಕೆ ಅಟ್ಲಾಸ್ ಪ್ರತಿಮೆ ಕೆಳಗೆ ಬರುತ್ತೀರಾ? ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ.